ಗೊತ್ತು ಎಂಬ ಅಂಕ

ಆ ವರ್ಷ ಸರ್ಕಾರ ಹೊಸ ನಿಯಮವೊಂದನ್ನು ತಂದಿತು. ವಿಡಿಯೋ ಹಂಚುವ ಯಾವುದೇ ಕಂಪನಿ ಶಾಲೆ, ಆಸ್ಪತ್ರೆ, ಪಂಚಾಯಿತಿಗಳ ಒಳಗೆ ಬರಬೇಕಾದರೆ, ವಿಡಿಯೋ ನೋಡಿದವರೊಳಗೆ ಏನು ಉಳಿಯುತ್ತದೆ ಎಂಬುದನ್ನು ಅಳೆದು ತೋರಿಸಬೇಕು. ಎಷ್ಟು ಜನ ನೋಡಿದರು, ಎಷ್ಟು ಹೊತ್ತು ನೋಡಿದರು ಎನ್ನುವುದು ಬೇಡ. ನೋಡಿ ಮುಗಿದ ಮೇಲೆ ಉಳಿದದ್ದೇನು, ಅದನ್ನು ಹೇಳಿ.

ದೊಡ್ಡ ಕಂಪನಿಗಳು ಈ ನಿಯಮವನ್ನು ಗೇಲಿ ಮಾಡಿದವು. ಅಂಥದ್ದನ್ನು ಅಳೆಯುವ ಯಂತ್ರ ಎಲ್ಲಿದೆ ಎಂದು ಕೇಳಿದವು. ಯಂತ್ರ ಧಾರವಾಡದಲ್ಲಿತ್ತು, ಒಂದು ಮೆಡಿಕಲ್ ಕಾಲೇಜಿನ ಹಿಂಬದಿಯ ಕೋಣೆಯಲ್ಲಿ. ಅದನ್ನು ಕಟ್ಟಿದವರು ಡಾ. ವಿಜಯಮಾಲಾ ಮುಳಗುಂದ. ನಲವತ್ತಾರು ವಯಸ್ಸಿನ, ಮಾತು ಕಡಿಮೆಯ ಹೆಂಗಸು. ಲಕ್ವಾ ಹೊಡೆದ ರೋಗಿಗಳಲ್ಲಿ ಯಾರ ಕೈ ಮತ್ತೆ ಆಡುತ್ತದೆ, ಯಾರದ್ದು ಆಡುವುದಿಲ್ಲ ಎಂದು ಮುಂಚೆಯೇ ತಿಳಿಯಲು ಎಂಟು ವರ್ಷ ಕೂತು ಮಾಡಿದ ಯಂತ್ರ ಅದು.

ಕಣ್ಣಿಗೆ ಅದೊಂದು ರಬ್ಬರಿನ ಟೋಪಿ, ಈಜುವವರು ಹಾಕಿಕೊಳ್ಳುವಂಥದ್ದು. ಒಳಗೆ ಬಟಾಣಿ ಗಾತ್ರದ ಅರವತ್ತನಾಲ್ಕು ಗುಂಡಿಗಳು. ಮನುಷ್ಯ ಒಂದು ಕೆಲಸವನ್ನು ಮಾಡುತ್ತೇನೆಂದು ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ನೆತ್ತಿಯ ಎರಡು ಬದಿಯ ಮಿದುಳಿನಲ್ಲಿ ಆ ಕೆಲಸದ ನಕ್ಷೆ ಮೂಡುತ್ತದೆ. ಕೈ ಪಳಗಿದವರ ನಕ್ಷೆ ಸ್ಪಷ್ಟವಾಗಿರುತ್ತದೆ, ಹೊಸಬರದ್ದು ಕಲಸುಮೇಲೋಗರ. ಎರಡನ್ನೂ ಹೋಲಿಸಿ ಟೋಪಿ ಒಂದು ಅಂಕ ಕೊಡುತ್ತಿತ್ತು. ವಿಜಯಮಾಲಾ ಅದನ್ನು ಕೈ ಅಂಕ ಎಂದು ಕರೆಯುತ್ತಿದ್ದರು. ಹಣೆಯ ಹಿಂದಿನ ಭಾಗದಿಂದ ಇನ್ನೊಂದು ಅಂಕವೂ ಬರುತ್ತಿತ್ತು. ಆ ಕೆಲಸ ತನಗೆ ಗೊತ್ತು ಎಂದು ವ್ಯಕ್ತಿಗೆ ಎಷ್ಟು ಖಾತ್ರಿಯಾಗಿ ಅನಿಸುತ್ತಿದೆ ಎಂಬುದರ ಅಳತೆ ಅದು. ರೋಗಿಗಳ ವಿಷಯದಲ್ಲಿ ಅದು ಉಪಯೋಗಕ್ಕೆ ಬರುತ್ತಿರಲಿಲ್ಲವಾದ್ದರಿಂದ ಅವರು ಅದನ್ನು ಹಾಗೇ ಬಿಟ್ಟಿದ್ದರು.

ನಿಯಮ ಬಂದ ಹದಿನೈದು ದಿನಕ್ಕೆ ಮೌನೇಶ ಬಡಿಗೇರ ಅವರ ಕೋಣೆಗೆ ಬಂದ. ಮೂವತ್ತೊಂದು ವಯಸ್ಸು, ಇಸ್ತ್ರಿ ಕಾಣದ ಅಂಗಿ. ಹುಬ್ಬಳ್ಳಿಯಲ್ಲಿ ‘ತೋರ್ಸು’ ಎಂಬ ಹೆಸರಿನ ಕಂಪನಿ ಅವನದು. ತಮಗೆ ಬರುವ ಕೆಲಸವನ್ನು ಜನ ತೊಂಬತ್ತು ಸೆಕೆಂಡಿನಲ್ಲಿ ಮಾಡಿ ತೋರಿಸಬೇಕು. ಉಳಿದವರು ನೋಡಬೇಕು, ತಮ್ಮವರಿಗೆ ಹಂಚಬೇಕು. ಬೋರ್‌ವೆಲ್ ಪಂಪು ಬಿಚ್ಚುವುದು, ಕೂಸಿಗೆ ಎಣ್ಣೆ ನೀವುವುದು, ಹಾವು ಕಚ್ಚಿದಾಗ ಏನು ಮಾಡಬೇಕು ಎನ್ನುವುದು. ಹಾಡು ಕುಣಿತ ಇಲ್ಲ. ಆಗಲೇ ಅರವತ್ತು ಲಕ್ಷ ಜನ ಅದನ್ನು ಬಳಸುತ್ತಿದ್ದರು.

"ನಮ್ಮಪ್ಪ ಗದಗದಾಗ ಬಡಿಗತನ ಮಾಡ್ತಿದ್ರು ಮೇಡಮ್," ಎಂದ. "ಮಷಿನ್ನಿಂದ ಕರೆಂಟ್ ಹೊಡದು ಬಿದ್ರು. ಸುತ್ತ ನಲವತ್ತು ಮಂದಿ ನಿಂತಿದ್ರು. ಒಬ್ಬರಿಗೂ ಏನ್ ಮಾಡ್ಬೇಕಂತ ಗೊತ್ತಿರ್ಲಿಲ್ಲ. ನಾನೂ ನಿಂತಿದ್ದೆ."

ವಿಜಯಮಾಲಾ ಕೈಯಲ್ಲಿದ್ದ ಟೋಪಿಯನ್ನು ಮೇಜಿನ ಮೇಲಿಟ್ಟರು.

"ಹೊತ್ತು ಹಾಳ್ ಮಾಡೋ ಕಂಪನಿ ಬ್ಯಾರೆ, ನಾವು ಬ್ಯಾರೆ. ಅದನ್ನ ನೀವು ಅಳದು ತೋರಿಸ್ರಿ. ಬರೋಬ್ಬರಿ ಇದ್ದದ್ದು ಇದ್ದಂಗ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಕಾಲೇಜಿನಲ್ಲಿ ಅವರ ಯಂತ್ರಕ್ಕೆ ಕೋಣೆ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಎರಡು ವರ್ಷದ ರಜೆ ಹಾಕಿ ಅವರು ಹುಬ್ಬಳ್ಳಿಗೆ ಹೋದರು. ಹಳೆಯ ಅರಳೆ ಗೋದಾಮಿನ ಮಹಡಿಯ ಮೇಲೆ ಅವರಿಗಾಗಿಯೇ ಪ್ರಯೋಗಾಲಯ ಸಿದ್ಧವಾಯಿತು.

ಪರೀಕ್ಷೆಗೆ ಅವರು ಆರಿಸಿಕೊಂಡದ್ದು ಒಂದೇ ಕೆಲಸ. ಎದೆಬಡಿತ ನಿಂತು ಬಿದ್ದವರ ಎದೆಯನ್ನು ಒತ್ತಿ ಜೀವ ಉಳಿಸುವುದು. ‘ತೋರ್ಸು’ವಿನಲ್ಲಿ ಅತಿ ಹೆಚ್ಚು ಹಂಚಿಕೆಯಾಗಿದ್ದ ವಿಡಿಯೋ ಅದೇ. ಹೋಲಿಕೆಗೆ ಅನುಭವಿ ನರ್ಸುಗಳ ನಕ್ಷೆ ಬೇಕಿತ್ತು. ಬಂದ ಹನ್ನೆರಡು ನರ್ಸುಗಳಲ್ಲಿ ಎಸ್ತೇರಕ್ಕನೂ ಒಬ್ಬಳು. ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಅವಳ ಕೈ ಅಂಕ ಎಂಬತ್ತೊಂಬತ್ತು ಬಂತು. ಆದರೆ ಖಾತ್ರಿಯ ಅಂಕ ಅರವತ್ತು ದಾಟಲಿಲ್ಲ.

"ಇಷ್ಟ್ ವರ್ಷ ಮಾಡೀರಿ, ಆದ್ರೂ ಅನುಮಾನ ಅದ ಏನು?" ಎಂದು ವಿಜಯಮಾಲಾ ಕೇಳಿದರು.

"ಒಬ್ಬೊಬ್ಬರ ಎದಿ ಒಂದೊಂದ್ ಥರ ಇರ್ತೈತ್ರಿ," ಎಂದಳು ಎಸ್ತೇರಕ್ಕ. "ಕೈ ಇಟ್ಟ ಮ್ಯಾಲೆ ಗೊತ್ತಾಗ್ತೈತಿ."

ಮರುದಿನ ಎಸ್ತೇರಕ್ಕ ತನ್ನ ಓಣಿಯ ನೀಲವ್ವನನ್ನು ಕರೆದುಕೊಂಡು ಬಂದಳು. ನೀಲವ್ವ ರೊಟ್ಟಿ ಕೇಂದ್ರದಲ್ಲಿ ಕೆಲಸ ಮಾಡುವ ಹೆಂಗಸು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ತಟ್ಟುವ ಕೈಗಳು. ತಟ್ಟುತ್ತ ತಟ್ಟುತ್ತಲೇ ಗೋಡೆಗೆ ಫೋನು ಒರಗಿಸಿಕೊಂಡು ‘ತೋರ್ಸು’ ನೋಡುತ್ತಿದ್ದಳು. ನೋಡಿದ್ದನ್ನು ಓಣಿಯ ಗುಂಪಿಗೆ, ತವರಿನ ಗುಂಪಿಗೆ, ಕೇಂದ್ರದ ಗುಂಪಿಗೆ ಹಂಚುತ್ತಿದ್ದಳು. ಎದೆ ಒತ್ತುವ ವಿಡಿಯೋವನ್ನು ನಲವತ್ತು ಸಲವಾದರೂ ನೋಡಿದ್ದಳು.

ಟೋಪಿ ಹಾಕಿಸಿಕೊಂಡು ಕನ್ನಡಿ ಕೇಳಿದಳು. ನೋಡಿಕೊಂಡು ನಕ್ಕಳು. "ನಮ್ಮ ಮನಿಯವ್ರು ನೋಡಿದ್ರ ಅಂಜ್ತಾರ್ರಿ ಅಕ್ಕಾರ," ಎಂದಳು. ಆಮೇಲೆ ಹೇಳಿದಂತೆ ಕಣ್ಣು ಮುಚ್ಚಿ, ಮುಂದೆ ಯಾರೋ ಬಿದ್ದಿದ್ದಾರೆ, ತಾನು ಎದೆ ಒತ್ತುತ್ತಿದ್ದೇನೆ ಎಂದು ಅಂದುಕೊಂಡಳು.

ಎದುರಿನ ಪರದೆಯ ಮೇಲೆ ಖಾತ್ರಿಯ ಅಂಕ ಮೂಡಿತು. ತೊಂಬತ್ತೊಂದು. ಕೈ ಅಂಕಕ್ಕೆ ಲೆಕ್ಕಾಚಾರ ಜಾಸ್ತಿ. ಅದು ಬರಲು ಎರಡು ದಿನ ಹಿಡಿಯುತ್ತಿತ್ತು.

"ತೊಂಬತ್ತೊಂದು ಅಂದ್ರ ಪಾಸಾ?"

"ಇದರಾಗ ಪಾಸು ಫೇಲು ಇಲ್ಲವ್ವ," ಎಂದರು ವಿಜಯಮಾಲಾ.

ನೀಲವ್ವ ಪರದೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮೂರೂ ಗುಂಪಿಗೆ ಹಾಕಿದಳು. ಎಸ್ತೇರಕ್ಕನ ಕಡೆ ತಿರುಗಿ, "ನಿನಗಿಂತ ಮೂವತ್ತು ಹೆಚ್ಚಿಗಿ ಬಂತಲ್ಲಬೇ," ಎಂದಳು. ಎಸ್ತೇರಕ್ಕನೂ ನಕ್ಕಳು. ಎರಡು ದಿನದ ನಂತರ ನೀಲವ್ವನ ಕೈ ಅಂಕ ಬಂತು. ಹನ್ನೊಂದು. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ. ಪರೀಕ್ಷೆಗೆ ಬಂದು ಹೋದವರನ್ನು ಮತ್ತೆ ಕರೆದು ಕೈ ಅಂಕ ಹೇಳುವ ಪದ್ಧತಿ ಇರಲಿಲ್ಲ.

ಮನೆಯಲ್ಲಿ ವಿಜಯಮಾಲಾ ಅವರ ಗಂಡ ಶ್ರೀಪಾದರಾಯರು ಅದೇ ಹೊತ್ತಿಗೆ ‘ತೋರ್ಸು’ವಿಗೆ ಒಗ್ಗಿಹೋಗಿದ್ದರು. ಅಂಚೆ ಕಚೇರಿಯಲ್ಲಿ ಗುಮಾಸ್ತರು, ಸಾಧು ಮನುಷ್ಯ. ಮಿಕ್ಸರ್ ಕೆಟ್ಟರೆ ಮೊದಲು ಮೆಹಬೂಬನ ಅಂಗಡಿಗೆ ಒಯ್ಯುತ್ತಿದ್ದರು; ಅದು ರಿಪೇರಿಯಾಗುವ ತನಕ ಅಲ್ಲೇ ಕೂತು ಚಹಾ ಕುಡಿದು ಊರಿನ ಸುದ್ದಿಯನ್ನೆಲ್ಲ ಕೇಳಿಕೊಂಡು ಬರುತ್ತಿದ್ದರು. ಈಗ ತಾವೇ ಬಿಚ್ಚಿದರು. ಹೊಗೆ ಬಂತು. ಮೋಟಾರು ಸುಟ್ಟುಹೋಯಿತು.

"ಮೆಹಬೂಬಗ ಕೊಡಬೇಕಿತ್ತಲ್ರೀ," ಎಂದರು ವಿಜಯಮಾಲಾ.

"ನಾ ಮಾಡಿದ್ದು ಸರೀನ ಇತ್ತು ಮಾಲಾ. ವೈರೇ ಹಳೇದಾಗಿತ್ತು."

ಸುಟ್ಟ ಮಿಕ್ಸರಿನ ಮುಂದೆ ಕೂತೂ ಅವರಿಗೆ ಅನುಮಾನ ಬಂದಿರಲಿಲ್ಲ. ವಿಜಯಮಾಲಾ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆ ವಾರ ಅವರಿಗೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಉಪ್ಪಿನಕಾಯಿ ಹಾಕುವ ಕಾಲದಲ್ಲಿ ಪ್ರತಿವರ್ಷ ಅಳತೆ ಕೇಳಲು ಬರುತ್ತಿದ್ದ ಪಕ್ಕದ ಮನೆಯಾಕೆ ಈ ಸಲ ಬಂದಿರಲಿಲ್ಲ.

ನಾಲ್ಕು ತಿಂಗಳಲ್ಲಿ ನಾನೂರ ಹನ್ನೆರಡು ಜನರ ಪರೀಕ್ಷೆ ಮುಗಿಯಿತು. ಫಲಿತಾಂಶವನ್ನು ವಿಜಯಮಾಲಾ ಮೌನೇಶನೊಬ್ಬನಿಗೇ ತೋರಿಸಿದರು. ಪರದೆಯ ಮೇಲೆ ಎರಡು ಗೆರೆಗಳಿದ್ದವು. ಒಂದು ನೆಲ ಹಿಡಿದು ಮಲಗಿತ್ತು: ವಿಡಿಯೋ ನೋಡುವ ಮೊದಲು ಕೈ ಅಂಕ ಒಂಬತ್ತು, ಒಮ್ಮೆ ನೋಡಿದ ಮೇಲೆ ಹತ್ತು, ಮೂವತ್ತು ಸಲ ನೋಡಿದ ಮೇಲೆ ಹನ್ನೊಂದು. ಇನ್ನೊಂದು ಗೆರೆ ಗುಡ್ಡ ಹತ್ತಿದಂತೆ ಹತ್ತಿತ್ತು: ಹದಿನೈದರಿಂದ ತೊಂಬತ್ತಕ್ಕೆ.

"ಕೆಳಗಿಂದು ಕೈಗೆ ಬಂದದ್ದು. ಮ್ಯಾಲಿಂದು ನನಗ ಗೊತ್ತದ ಅನ್ನೋ ಭಾವನೆ," ಎಂದರು. "ನೋಡಿದಾಗ ಏರ್ತದ. ಇನ್ನೊಬ್ಬರಿಗೆ ಹಂಚಿದಾಗ ಅದಕ್ಕಿಂತ ಹೆಚ್ಚು ಏರ್ತದ. ಹಂಚಿದವರಿಗೆ ತಾವ ಕಲಿಸಿದಂಗ ಅನಿಸ್ತದ."

"ಯಾರಿಗೂ ಏನೂ ಉಳದಿಲ್ಲಾ?"

"ವಿಡಿಯೋ ಮಾಡಿದವರಿಗೆ ಉಳದದ. ತೋರಿಸಲಿಕ್ಕೆ ಅಂತ ಹತ್ತು ಸಲ ಕೈಯಿಂದ ಮಾಡಿರ್ತಾರಲ್ಲ, ಅವರ ಅಂಕ ಏರೇದ. ಆದ್ರ ಅವರು ಸಾವಿರಕ್ಕ ಒಬ್ಬರು."

ಮೌನೇಶ ಎದ್ದು ಕಿಟಕಿಯ ಹತ್ತಿರ ಹೋದ. ಕೆಳಗೆ ಅಂಗಳದಲ್ಲಿ ಅವನ ಕಂಪನಿಯ ಹುಡುಗಿಯರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಅಲ್ಲಿಂದಲೇ ತಿರುಗಿ ಮಾತಾಡಿದ. ಪ್ರತಿ ಓಣಿಗೊಂದು ಅಭ್ಯಾಸ ಕೇಂದ್ರ ತೆಗೆಯುತ್ತೇನೆ, ಒತ್ತಿ ಕಲಿಯಲು ಗೊಂಬೆ ಇಡುತ್ತೇನೆ, ಎಸ್ತೇರಕ್ಕನಂಥವರನ್ನು ನೇಮಿಸುತ್ತೇನೆ ಎಂದ. ಆದರೆ ಮೊದಲು ಸರ್ಕಾರದ ಪ್ರಮಾಣಪತ್ರ ಬೇಕು. ಅದಿಲ್ಲದಿದ್ದರೆ ಕಂಪನಿಯೇ ಇರುವುದಿಲ್ಲ, ಕೇಂದ್ರಗಳೂ ಇರುವುದಿಲ್ಲ. ಉಳಿದದ್ದೇನು ಎಂದು ನಿಯಮ ಕೇಳುತ್ತದೆ. ಗೊತ್ತು ಎಂಬ ಭಾವನೆಯೂ ಉಳಿದದ್ದೇ ಅಲ್ಲವೇ?

"ಮೂರು ತಿಂಗಳು ಮೇಡಮ್. ಮ್ಯಾಲಿನ ಗೆರಿ ಅಷ್ಟ ಕೊಡೋಣ. ಕೆಳಗಿಂದು ಕೇಂದ್ರ ಚಾಲೂ ಆದ ಮ್ಯಾಲೆ."

ವಿಜಯಮಾಲಾ ಒಂದು ದಿನ ಯೋಚಿಸಿದರು. ಮಾರನೆಯ ದಿನ ಸಹಿ ಹಾಕಿದರು. ಕಾಗದದಲ್ಲಿದ್ದದ್ದು ಒಂದೇ ವಾಕ್ಯ: ಈ ಅಂಕವನ್ನು ಶಾಸ್ತ್ರೀಯವಾಗಿ ಅಳೆಯಲಾಗಿದೆ. ಅದರಲ್ಲಿ ಸುಳ್ಳಿರಲಿಲ್ಲ. ಆಮೇಲೆ ಬಹಳ ದಿನ ಅವರು ತಮಗೆ ತಾವೇ ಅದನ್ನೇ ಹೇಳಿಕೊಂಡರು.

ಪ್ರಮಾಣಪತ್ರ ಬಂತು. ಟೋಪಿ ಇಲ್ಲದೆಯೇ, ಯಾರು ಎಷ್ಟು ನೋಡಿದರು, ಎಷ್ಟು ಹಂಚಿದರು ಎಂಬುದರಿಂದ ಅಂದಾಜು ಹಾಕಿ, ‘ತೋರ್ಸು’ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಖಾತ್ರಿಯ ಅಂಕವನ್ನು ‘ಗೊತ್ತು ಅಂಕ’ ಎಂದು ತೋರಿಸತೊಡಗಿತು. ಜನ ಅದಕ್ಕೆ ಒಗ್ಗಿಕೊಂಡದ್ದು ನೋಡಿದರೆ ಆಶ್ಚರ್ಯವಾಗುತ್ತಿತ್ತು. ಆಟೋಗಳ ಹಿಂದೆ ಅಂಕ ಬರೆಸಿದರು. ಹೆಣ್ಣು ನೋಡಲು ಹೋದವರು ಅಡುಗೆಯ ಅಂಕ, ಕೂಸು ಸಾಕುವ ಅಂಕ ಕೇಳಿದರು. ಕಾರ್ಖಾನೆಯೊಂದರಲ್ಲಿ ಕೆಲಸಗಾರರೆಲ್ಲ ಎಂಬತ್ತರ ಮೇಲಿದ್ದಾರೆಂದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪ್ರಥಮ ಚಿಕಿತ್ಸೆಯ ತರಬೇತಿ ನಿಲ್ಲಿಸಿದರು. ಮೆಹಬೂಬ ಅಂಗಡಿ ಮುಚ್ಚಿ ಅಳಿಯನ ಊರಿಗೆ ಹೋದ. ಎಸ್ತೇರಕ್ಕನ ಬಾಗಿಲನ್ನು ಮೊದಲು ವಾರಕ್ಕೆ ಹತ್ತು ಜನ ತಟ್ಟುತ್ತಿದ್ದರು: ಜ್ವರ, ಸುಟ್ಟ ಗಾಯ, ಕೂಸಿನ ಹೊಟ್ಟೆನೋವು. ಈಗ ಯಾರೂ ಬರುತ್ತಿರಲಿಲ್ಲ.

ಮೂರು ತಿಂಗಳು ಆರಾದವು. ಅಭ್ಯಾಸ ಕೇಂದ್ರದ ಮಾತು ಬಂದಾಗಲೆಲ್ಲ ಹೂಡಿಕೆದಾರರು, ಎಲ್ಲರಿಗೂ ಗೊತ್ತಿರುವಾಗ ಕೇಂದ್ರ ಯಾರಿಗೆ ಎಂದು ಕೇಳುತ್ತಾರೆ ಎಂದು ಮೌನೇಶ ಹೇಳಿದ. ಹೇಳುವಾಗ ಅವನು ವಿಜಯಮಾಲಾ ಅವರ ಮುಖ ನೋಡಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಶ್ರೀಪಾದರಾಯರು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದರು. "ಇಲ್ಲಿ ನೋಡು, ಪಾಪ," ಎಂದರು. ಓಣಿಯವರು ಯಾರೋ ತೆಗೆದು ಗುಂಪಿನಿಂದ ಗುಂಪಿಗೆ ಹಂಚಿದ, ಅದಾಗಲೇ ಎರಡು ಲಕ್ಷ ಜನ ನೋಡಿದ್ದ ಉದ್ದನೆಯ ವಿಡಿಯೋ. ಕೆಳಗೆ ‘ಗಂಡನ ಜೀವಕ್ಕಾಗಿ ಹೋರಾಡಿದ ನೀಲವ್ವ’ ಎಂದು ಬರೆದಿತ್ತು.

ಓಣಿಯಲ್ಲಿ ಒಂದು ಸರಕಿನ ಟೆಂಪೋ ನಿಂತಿತ್ತು, ಅರ್ಧ ತೊಳೆದದ್ದು. ಅದರ ಪಕ್ಕದಲ್ಲಿ ನೀಲವ್ವನ ಗಂಡ ಫಕೀರಪ್ಪ ಅಂಗಾತ ಬಿದ್ದಿದ್ದ. ನೀಲವ್ವ ಮಂಡಿಯೂರಿ ಕೂತು ಒತ್ತುತ್ತಿದ್ದಳು. ಸುತ್ತ ಜನ. ಯಾರೋ ಒಬ್ಬ ಹೆಂಗಸು, "ಎಸ್ತೇರಕ್ಕನ್ನ ಕರೀಲೇನಬೇ?" ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ನೀಲವ್ವ ತಲೆ ಎತ್ತಲಿಲ್ಲ. "ಬ್ಯಾಡ. ನನಗ ಗೊತ್ತೈತಿ," ಎಂದಳು. ಗುಂಪಿನಲ್ಲಿದ್ದವರಾರೂ ಮುಂದೆ ಮಾತಾಡಲಿಲ್ಲ. ಅವಳ ಅಂಕ ಎಲ್ಲರಿಗೂ ಗೊತ್ತಿತ್ತು.

ವಿಜಯಮಾಲಾ ವಿಡಿಯೋವನ್ನು ಕೊನೆಯ ತನಕ ನೋಡಿದರು. ಅವಳ ಕೈಗಳು ಎದೆಯ ಮೇಲಿರಲಿಲ್ಲ, ಪಕ್ಕೆಲುಬಿನ ಕೆಳಗೆ ಹೊಟ್ಟೆಯ ಮೇಲಿದ್ದವು. ಮೊಣಕೈ ಬಗ್ಗಿತ್ತು. ಐದು ಸಲ ಒತ್ತುವಳು, ನಿಲ್ಲಿಸಿ ಮುಖ ನೋಡುವಳು, ಮತ್ತೆ ಒತ್ತುವಳು. ಹನ್ನೊಂದು ನಿಮಿಷ. ಆಂಬುಲೆನ್ಸಿಗೆ ಫೋನು ಹೋದದ್ದು ಏಳನೆಯ ನಿಮಿಷದಲ್ಲಿ.

"ಎಷ್ಟ್ ಛಂದ ಮಾಡ್ಯಾಳ ನೋಡು, ಒಂದೀಟೂ ಗಾಬರಿ ಆಗಿಲ್ಲ," ಎಂದರು ಶ್ರೀಪಾದರಾಯರು. "ಆದ್ರೂ ಉಳೀಲಿಲ್ಲ. ಹಣೇಬರಹ."

"ನೀವು ಇದನ್ನ ಹಂಚೀರೇನು?"

"ಹಂಚೇನಿ. ಯಾಕ?"

ವಿಜಯಮಾಲಾ ಸ್ಟೌ ಆರಿಸಿ ಹಿತ್ತಿಲಿನ ಮೆಟ್ಟಿಲ ಮೇಲೆ ಹೋಗಿ ಕೂತರು.

ಐದನೆಯ ದಿನ ಅವರು ನೀಲವ್ವನ ಓಣಿಗೆ ಹೋದರು. ಮೊದಲು ಸಿಕ್ಕಿದವಳು ಎಸ್ತೇರಕ್ಕ. ಅವಳ ಮನೆ ನೀಲವ್ವನ ಮನೆಯಿಂದ ನಾಲ್ಕನೆಯದು.

"ನಾ ಮನ್ಯಾಗ ಇದ್ನಿರಿ," ಎಂದಳು. "ಅಕ್ಕಿ ಆರಿಸ್ಕೊಂತ ಕುಂತಿದ್ನಿ. ಗದ್ದಲ ಕೇಳಸ್ತು. ಯಾರೂ ಕರೀಲಿಲ್ಲಂತ ಸುಮ್ಮನಾದ್ನಿ. ಈಗೀಗ ಕರೀದ ಹೋದ್ರ ಮಂದಿ ಸಿಟ್ಟಾಗ್ತಾರ."

"ನೀವು ಹೋಗಿದ್ರ ಉಳೀತಿದ್ದರೇನು?"

"ಅದನ್ನ ಹೇಳಾಕ ಬರಂಗಿಲ್ಲ. ಉಳೀಬಹುದಿತ್ತು. ಇಲ್ಲಾಂದ್ರ ಇಲ್ಲ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆದ್ರ ನಾ ಮನ್ಯಾಗ ಇದ್ನಿ."

ನೀಲವ್ವ ಒಳಗೆ ಗೋಡೆಗೊರಗಿ ಕೂತಿದ್ದಳು. ವಿಜಯಮಾಲಾ ಎದುರಿಗೆ ನೆಲದ ಮೇಲೆ ಕೂತರು. ನೀಲವ್ವ ಅವರ ಕೈ ಹಿಡಿದುಕೊಂಡಳು. ಅವರು ಬಂದದ್ದು ಅವಳಿಗೆ ಸಮಾಧಾನ ತಂದಿತ್ತು. ಇಷ್ಟು ದಿನ ಕೇಳಬೇಕೆಂದಿದ್ದ ಮಾತನ್ನು ಕೇಳಲು ಸರಿಯಾದವರು ಸಿಕ್ಕಿದ್ದರು.

"ನಾ ಬರೋಬ್ಬರಿ ಮಾಡಿದ್ನಿ ಹೌದಲ್ರಿ ಅಕ್ಕಾರ? ಎಲ್ಲಾರೂ ಬರೋಬ್ಬರಿ ಮಾಡಿದಿ ಅಂತಾರ. ನಿಮ್ಮ ಮಷಿನ್‌ನಾಗ ನನಗ ತೊಂಬತ್ತೊಂದು ಬಂದಿತ್ತು."

ಹೌದು ಎಂದುಬಿಟ್ಟರೆ ಆಯಿತು ಎಂದು ವಿಜಯಮಾಲಾ ಅಂದುಕೊಂಡರು. ಹಾಗೆಂದರೆ ಇವಳು ಮುಂದಿನ ಬದುಕನ್ನು ಹೇಗೋ ಕಳೆಯುತ್ತಾಳೆ. ಆದರೆ ಹೊರಗೆ ಕಟ್ಟೆಯ ಮೇಲೆ ಹತ್ತಾರು ಹೆಂಗಸರು ಕೂತಿದ್ದರು. ಅವರೆಲ್ಲರ ಫೋನಿನಲ್ಲೂ ತೊಂಬತ್ತು, ಎಂಬತ್ತೈದು ಎಂದಿತ್ತು. ಇವಳಿಗೆ ಹೌದು ಎಂದರೆ ಅವರಿಗೂ ಹೌದು ಎಂದಂತೆ.

"ಇಲ್ಲ ನೀಲವ್ವ," ಎಂದರು. "ತೊಂಬತ್ತೊಂದು ಅನ್ನೋದು ನಿನಗ ಗೊತ್ತದ ಅಂತ ಎಷ್ಟು ಅನಿಸ್ತದೋ ಅದರ ಅಂಕ. ಕೈಗೆ ಎಷ್ಟು ಬರ್ತದ ಅನ್ನೋದು ಬ್ಯಾರೆ ಇತ್ತು. ಅದು ಹನ್ನೊಂದು ಬಂದಿತ್ತು."

ನೀಲವ್ವ ಕೈ ಬಿಡಲಿಲ್ಲ. ಅರ್ಥವಾಗಲಿಲ್ಲವೇನೋ ಎಂದು ವಿಜಯಮಾಲಾ ಮತ್ತೆ ಹೇಳಲು ಹೊರಟರು.

"ಹನ್ನೊಂದಾ?"

"ಹೂಂ."

"ಯಾವಾಗ ಗೊತ್ತಾತು ನಿಮಗ?"

"ನೀ ಬಂದು ಹೋದ ಎರಡು ದಿನಕ್ಕ."

ನೀಲವ್ವ ತನ್ನ ಅಂಗೈಗಳನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ರೊಟ್ಟಿ ತಟ್ಟಿ ತಟ್ಟಿ ಗಟ್ಟಿಯಾದ ಅಂಗೈಗಳು. ಅವುಗಳನ್ನೇ ನೋಡುತ್ತ ಹೇಳಿದಳು:

"ಅವತ್ತ ಹೇಳಿದ್ರ ನಾ ಎಸ್ತೇರಕ್ಕನ್ನ ಕರೀತಿದ್ನಿ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಿಜಯಮಾಲಾ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತು. ನೀಲವ್ವ ತಲೆ ಎತ್ತದೆ, "ಹೋಗ್ರಿ ಅಕ್ಕಾರ," ಎಂದಳು. ಅವರು ಎದ್ದು ಹೋದರು.

ಮೌನೇಶ ಆಫೀಸಿನಲ್ಲೇ ಇದ್ದ. ಅವನೂ ವಿಡಿಯೋ ನೋಡಿದ್ದ. ವರದಿಯನ್ನು ಪೂರ್ತಿಯಾಗಿ ಸರ್ಕಾರದ ಸಮಿತಿಗೆ ಕಳಿಸುತ್ತಿದ್ದೇನೆ ಎಂದು ವಿಜಯಮಾಲಾ ಹೇಳಿದರು. ಅವನು ಬೇಡವೆನ್ನಲಿಲ್ಲ.

"ನಮ್ಮಪ್ಪ ಬಿದ್ದಾಗ ನಲವತ್ತು ಮಂದಿ ನಿಂತಿದ್ರು ಅಂತ ನಿಮಗ ಹೇಳಿದ್ನಿ," ಎಂದ. "ಒಂದು ಮಾತು ಹೇಳಿರಲಿಲ್ಲ. ಆ ನಲವತ್ತರಾಗ ಒಬ್ಬ ಚಪ್ಪಲಿ ಬಿಟ್ಟು ಓಡಿದ್ದ, ಡಾಕ್ಟರ್‌ನ ಕರಕೊಂಡು ಬಂದಿದ್ದ. ತಡ ಆಗಿತ್ತು, ಆದ್ರ ಓಡಿದ್ದ. ಏನೂ ಗೊತ್ತಿಲ್ಲ ಅಂತ ಓಡಿದ್ದ. ಈಗ ಓಡೋರು ಇಲ್ಲಂಗ ಮಾಡಿಬಿಟ್ನಿ ನಾನು."

ಮರುದಿನವೇ ಅವನು ಪರದೆಯಿಂದ ಗೊತ್ತು ಅಂಕವನ್ನು ತೆಗೆಸಿದ. ಎರಡೇ ವಾರದಲ್ಲಿ ಮೂರನೆಯ ಒಂದು ಪಾಲು ಜನ ‘ತೋರ್ಸು’ ಬಿಟ್ಟು ಬೇರೆ ಕಂಪನಿಗಳಿಗೆ ಹೋದರು. ತಾವು ಗಳಿಸಿದ ಅಂಕವನ್ನು ಕಿತ್ತುಕೊಂಡರೆಂದು ಆಫೀಸಿನ ಮುಂದೆ ಕೂತು ಕೂಗಿದವರೂ ಇದ್ದರು. ಹೂಡಿಕೆದಾರರು ಸಭೆ ಕರೆದು ಮೌನೇಶನನ್ನು ಅವನದೇ ಕಂಪನಿಯಿಂದ ಹೊರಗೆ ಕಳಿಸಿದರು. ಅಂಕ ಮರಳಿ ಬಂತು. ಆರು ತಿಂಗಳಲ್ಲಿ ದೊಡ್ಡ ಕಂಪನಿಯೊಂದು ‘ತೋರ್ಸು’ವನ್ನು ಕೊಂಡಿತು. ಅವರಿಗೆ ಬೇಕಾಗಿದ್ದದ್ದು ಅಂಕ ಮಾತ್ರ. ಹಾಡು, ಕುಣಿತ, ನಗೆಚಾಟಿಕೆ ಎಲ್ಲದರ ಕೆಳಗೂ ಅದನ್ನು ಹಾಕಿದರು. ಮೌನೇಶ ಗದಗಕ್ಕೆ ಮರಳಿ ಚಿಕ್ಕಪ್ಪನ ಮರದ ಅಂಗಡಿಯಲ್ಲಿ ಕೆಲಸ ಹಿಡಿದ ಎಂದು ಯಾರೋ ಹೇಳಿದರು.

ಸಮಿತಿ ವಿಜಯಮಾಲಾ ಅವರ ವರದಿಯನ್ನು ಓದಿತು. ಎರಡು ಸಲ ಕರೆಸಿ ವಿಚಾರಿಸಿತು. ಅಧ್ಯಕ್ಷರು ಸೌಜನ್ಯದ ಮನುಷ್ಯ. "ಡಾಕ್ಟರೇ, ಉಳಿದದ್ದೇನು ಎಂದು ನಿಯಮ ಕೇಳುತ್ತದೆ. ಉಳಿದದ್ದು ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳುವುದಿಲ್ಲ," ಎಂದರು. ಜೊತೆಗೆ, ಆ ಅಂಕ ಶಾಸ್ತ್ರೀಯವೆಂದು ಸಹಿ ಹಾಕಿದವರೇ ನೀವಲ್ಲವೇ ಎಂದೂ ನೆನಪಿಸಿದರು. ಪ್ರಮಾಣಪತ್ರ ರದ್ದಾಗಲಿಲ್ಲ. ಕಾಲೇಜು ಅವರನ್ನು ವಾಪಸು ತೆಗೆದುಕೊಳ್ಳಲು ಹಿಂಜರಿಯಿತು. ಅವರೇ ರಾಜೀನಾಮೆ ಕೊಟ್ಟರು. ಶ್ರೀಪಾದರಾಯರಿಗೆ ಇದೆಲ್ಲ ಯಾಕೆ ಬೇಕಿತ್ತು ಎಂಬುದು ತಿಳಿಯಲಿಲ್ಲ. ಅವರು ಹೆಂಡತಿಗೆ ಮನಸ್ಸಿನ ನೆಮ್ಮದಿಯ ವಿಡಿಯೋಗಳನ್ನು ಕಳಿಸುತ್ತಿದ್ದರು. ಆಕೆ ಅವುಗಳನ್ನು ತೆರೆಯುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಎಸ್ತೇರಕ್ಕ ತನ್ನ ಓಣಿಯ ಅಂಗನವಾಡಿಯಲ್ಲಿ ಭಾನುವಾರಕ್ಕೊಮ್ಮೆ ಎದೆ ಒತ್ತುವುದನ್ನು ಕಲಿಸತೊಡಗಿದಳೆಂದು ವಿಜಯಮಾಲಾ ಅವರಿಗೆ ತಿಳಿಯಿತು. ಅವರು ಹೋದರು. ಇಷ್ಟು ಜನರ ಮಿದುಳಿನಲ್ಲಿ ಆ ಕೆಲಸವನ್ನು ಅಳೆದಿದ್ದರೂ ಅವರು ಅದನ್ನು ತಮ್ಮ ಕೈಯಿಂದ ಒಮ್ಮೆಯೂ ಮಾಡಿರಲಿಲ್ಲ.

ಮೂವತ್ತು ಜನ ಸೇರಿದ್ದರು. ನೆಲದ ಮೇಲೆ ಗೋಣಿಚೀಲಕ್ಕೆ ಬಟ್ಟೆ ತುಂಬಿ ಹೊಲಿದ, ಎದೆಯ ಕಡೆ ಗಟ್ಟಿ ಸ್ಪಂಜು ಇಟ್ಟ ಗೊಂಬೆಯಿತ್ತು. ಕೊನೆಯ ಸಾಲಿನಲ್ಲಿ ಗೋಡೆಗೆ ಆತುಕೊಂಡು ನೀಲವ್ವ ಕೂತಿದ್ದಳು. ಇಬ್ಬರ ಕಣ್ಣು ಕೂಡಿದವು. ನೀಲವ್ವ ಮುಖ ತಿರುಗಿಸಿದಳು.

"ಇದು ಯಾರಿಗೆ ಗೊತ್ತೈತಿ, ಕೈ ಎತ್ರಿ," ಎಂದಳು ಎಸ್ತೇರಕ್ಕ.

ಕೈಗಳು ಎದ್ದವು. ಮುದುಕರದ್ದು, ಹುಡುಗಿಯರದ್ದು, ಬಳೆ ತುಂಬಿದ್ದು, ಬರಿದು. ಇಬ್ಬರು ಮಾತ್ರ ಎತ್ತಿರಲಿಲ್ಲ.

ಎಸ್ತೇರಕ್ಕ ಒಬ್ಬೊಬ್ಬರನ್ನೇ ಕರೆದು ಗೊಂಬೆಯ ಮೇಲೆ ಮಾಡಿಸಿದಳು. ತಪ್ಪು ತೋರಿಸಿದರೆ ಜನರಿಗೆ ಹಿಡಿಸಲಿಲ್ಲ. ಗೊಂಬೆಯೇ ಸರಿಯಿಲ್ಲ ಎಂದು ಒಬ್ಬ ಗೊಣಗಿದ. ಗೊತ್ತಿದ್ದದ್ದನ್ನೇ ಎಷ್ಟು ಸಲ ಮಾಡುವುದು ಎಂದು ಇಬ್ಬರು ಎದ್ದರು. ಅವರ ಹಿಂದೆ ಐದು ಜನ. ಒಂದು ಗಂಟೆಯೊಳಗೆ ಕೋಣೆ ಖಾಲಿಯಾಗಿ, ವಿಜಯಮಾಲಾ ಮತ್ತು ನೀಲವ್ವ ಇಬ್ಬರೇ ಉಳಿದರು.

"ಬರ್ರಿ," ಎಂದಳು ಎಸ್ತೇರಕ್ಕ.

ಇಬ್ಬರೂ ಗೊಂಬೆಯ ಎರಡು ಬದಿಗೆ ಮಂಡಿಯೂರಿದರು. ಮೊದಲು ನೀಲವ್ವ ಒತ್ತಿದಳು. ಎಸ್ತೇರಕ್ಕ ಅವಳ ಕೈಗಳನ್ನು ಹಿಡಿದು ಹೊಟ್ಟೆಯಿಂದ ಮೇಲಕ್ಕೆ, ಎದೆಯ ನಡುವಿಗೆ ಸರಿಸಿದಳು. ಆ ಜಾಗಕ್ಕೆ ಅಂಗೈ ತಾಗಿದಾಗ ನೀಲವ್ವ ಒಂದು ಕ್ಷಣ ಹಾಗೇ ನಿಂತುಬಿಟ್ಟಳು. ಆಮೇಲೆ ಎಣಿಸುತ್ತ ಒತ್ತಿದಳು. ಮೂವತ್ತಕ್ಕೆ ಬಂದಾಗ ಕೈ ತೆಗೆದು ಪಕ್ಕಕ್ಕೆ ಸರಿದು, ವಿಜಯಮಾಲಾ ಅವರಿಗೆ ಜಾಗ ಬಿಟ್ಟಳು. ಮಾತಾಡಲಿಲ್ಲ. ಅವತ್ತಷ್ಟೇ ಅಲ್ಲ, ಮುಂದೆಯೂ ಯಾವತ್ತೂ ಅವರೊಂದಿಗೆ ಮಾತಾಡಲಿಲ್ಲ.

ವಿಜಯಮಾಲಾ ಕೈ ಮೇಲೆ ಕೈಯಿಟ್ಟು ಒತ್ತತೊಡಗಿದರು. ಹನ್ನೆರಡಕ್ಕೇ ತೋಳು ಸೋತಿತು.

"ಮೊಣಕೈ ಬಗ್ಗಸಬ್ಯಾಡ್ರಿ," ಎಂದಳು ಎಸ್ತೇರಕ್ಕ. "ಮೊದಲಿಂದ."

ಅವರು ಮೊದಲಿಂದ ಶುರು ಮಾಡಿದರು. ಎಣಿಸಲು ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಎದುರಿಗೆ ಕೂತ ನೀಲವ್ವ, ಅವರತ್ತ ನೋಡದೆ, ನೆಲ ನೋಡುತ್ತ ಅವರ ಪರವಾಗಿ ಎಣಿಸಿದಳು.